ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡಲು ಎನ್‌ಬಿಎಗಿಂತ ಸಪ್ಪೆಯೇ?

ಬೆಳಗಿನ ವೀಕ್ಷಕ (ಬೆಂಗಳೂರು)

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲನ್ನು ಹೊಗಳುವವರ ಸಂಖ್ಯೆ ನಮ್ಮ ಬಳಗದಲ್ಲಿ ಪ್ರತಿ ಮಾರ್ಚ್ ತಿಂಗಳಲ್ಲೂ ಏಕಾಏಕಿ ಏರುತ್ತದೆ. ನನ್ನ ಆಕ್ಷೇಪವನ್ನು ನೇರವಾಗಿಯೇ ಮುಂದಿಡುತ್ತೇನೆ. ನೋಡುವ ಆಟವಾಗಿ ಅದು ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಗಿಂತ ಕೆಳಮಟ್ಟದ್ದು. ಅದಕ್ಕೆ ಸಿಗುವ ಹೊಗಳಿಕೆಯ ಬಹುಪಾಲು ಸಲ್ಲಬೇಕಾದದ್ದು ಆಟಕ್ಕಲ್ಲ, ಮಾರ್ಚ್‌ನಲ್ಲಿ ಶುರುವಾಗುವ, ಒಂದು ಸೋತರೆ ಮನೆಗೆ ಎಂಬ ರಾಷ್ಟ್ರೀಯ ಟೂರ್ನಿಯ ಸ್ವರೂಪಕ್ಕೆ.

2025ರ ಎರಡು ಫೈನಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಏಪ್ರಿಲ್‌ನಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ನಡೆದ ಕಾಲೇಜು ಫೈನಲ್‌ನಲ್ಲಿ ಫ್ಲಾರಿಡಾ ತಂಡ ಹ್ಯೂಸ್ಟನ್ ವಿರುದ್ಧ 65–63ರಿಂದ ಗೆದ್ದಿತು. ಹ್ಯೂಸ್ಟನ್‌ಗೆ ತನ್ನ ಕೊನೆಯ ದಾಳಿಯಲ್ಲಿ ಚೆಂಡನ್ನು ಬುಟ್ಟಿಯ ಕಡೆಗೆ ಎಸೆಯಲೂ ಆಗಲಿಲ್ಲ. ಜೂನ್‌ನಲ್ಲಿ ನಡೆದ ಎನ್‌ಬಿಎ ಫೈನಲ್‌ನ ಮೊದಲ ಪಂದ್ಯದಲ್ಲಿ ಇಂಡಿಯಾನಾ ಪೇಸರ್ಸ್ ಕೊನೆಯ ಕ್ವಾರ್ಟರ್‌ನಲ್ಲಿ 15 ಅಂಕ ಹಿಂದಿದ್ದು, ಟೈರೀಸ್ ಹ್ಯಾಲಿಬರ್ಟನ್ 0.3 ಸೆಕೆಂಡ್ ಉಳಿದಿರುವಾಗ ಹಾಕಿದ ಬುಟ್ಟಿಯಿಂದ 111–110ರಲ್ಲಿ ಗೆದ್ದಿತು. ಇಡೀ ಪಂದ್ಯದಲ್ಲಿ ಆ ತಂಡ ಮುಂದಿದ್ದದ್ದು ಆ ಒಂದು ಕ್ಷಣ ಮಾತ್ರ. ಎರಡೂ ಪಂದ್ಯಗಳು ಕೊನೆಯ ಉಸಿರಿನವರೆಗೆ ಹೋದವು. ಆದರೆ ಒಂದು ತೀರ್ಮಾನವಾದದ್ದು ಮಾಡಲಾಗದೆ ಹೋದ ಕೆಲಸದಿಂದ, ಇನ್ನೊಂದು ಮಾಡಿ ತೋರಿಸಿದ ಕೆಲಸದಿಂದ. ಬೆಳಗಿನ ಜಾವದ ನಿದ್ದೆ ಕೆಡಿಸಿಕೊಂಡು ನೋಡುವವನು ಎರಡನೆಯದನ್ನು ಬಯಸಿದರೆ ತಪ್ಪೇನು?

ಲಾರೆನ್ಸ್ ನಿವಾಸಿ (ಕಾನ್ಸಾಸ್)

ತಾವು ಪರದೆಯ ಮೇಲೆ ನೋಡಿ ಬರೆಯುತ್ತಿದ್ದೀರಿ, ನಾನು ಅಂಕಣದ ಬದಿಯಿಂದ ಉತ್ತರಿಸುತ್ತೇನೆ. ನಾನಿರುವ ಊರಿನಲ್ಲಿ 1955ರಲ್ಲಿ ಆರಂಭವಾದ ಆಲನ್ ಫೀಲ್ಡ್‌ಹೌಸ್ ಇದೆ. ಹದಿನೈದು ಸಾವಿರಕ್ಕೂ ಹೆಚ್ಚು ಜನ ಕೂರುವ ಆ ಒಳಾಂಗಣದ ಅಂಕಣಕ್ಕೆ ಈ ಆಟವನ್ನು 1891ರಲ್ಲಿ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಅವರ ಹೆಸರಿದೆ. ಅವರೇ ಕಾನ್ಸಾಸ್ ವಿಶ್ವವಿದ್ಯಾಲಯದ ಮೊದಲ ಕೋಚ್. ಗೆಲುವಿಗಿಂತ ಸೋಲುಗಳೇ ಹೆಚ್ಚಿರುವ ಏಕೈಕ ಕಾನ್ಸಾಸ್ ಕೋಚ್ ಕೂಡ ಅವರೇ ಎಂಬುದನ್ನು ಇಲ್ಲಿನವರು ಅಭಿಮಾನದಿಂದಲೇ ಹೇಳಿಕೊಳ್ಳುತ್ತಾರೆ. 2017ರಲ್ಲಿ ಇಲ್ಲಿನ ಪ್ರೇಕ್ಷಕರ ಗದ್ದಲ 130.4 ಡೆಸಿಬೆಲ್ ಎಂದು ದಾಖಲಾಯಿತು.

ಎನ್‌ಬಿಎ ಕ್ರೀಡಾಂಗಣಗಳಲ್ಲಿ ಅಂಕಣದ ಬದಿಯ ಆಸನಗಳು ಹಣವಂತರಿಗೆ ಮೀಸಲು. ಚಪ್ಪಾಳೆ ಯಾವಾಗ ತಟ್ಟಬೇಕೆಂದು ದೊಡ್ಡ ಪರದೆಯೇ ಹೇಳಿಕೊಡುತ್ತದೆ. ಇಲ್ಲಿ ಅದೇ ಜಾಗದಲ್ಲಿ ವಿದ್ಯಾರ್ಥಿಗಳು ಎರಡು ಗಂಟೆ ಕಾಲ ನಿಂತೇ ಇರುತ್ತಾರೆ, ಅವರ ಸಹಪಾಠಿಗಳೇ ಆಡುತ್ತಿರುತ್ತಾರೆ. ಆಟದ ಸೊಗಸನ್ನು ಕೌಶಲವೊಂದರಿಂದಲೇ ಅಳೆಯುವುದಾದರೆ ಈ ಜನರೆಲ್ಲ ಇಲ್ಲಿಗೆ ಬರಬೇಕಾಗಿರಲಿಲ್ಲ. ನಮ್ಮೂರುಗಳಲ್ಲಿ ವಿಶ್ವವಿದ್ಯಾಲಯಗಳ ನಡುವಿನ ಕ್ರಿಕೆಟ್ ಪಂದ್ಯಕ್ಕೆ ಆಟಗಾರರ ಮನೆಯವರ ಹೊರತು ಯಾರೂ ಇರುವುದಿಲ್ಲ. ಹೀಗಿರುವಾಗ ಇಲ್ಲಿನ ಜನ ಸೋಮವಾರದ ರಾತ್ರಿಯಲ್ಲಿ ಯಾಕೆ ಬಂದು ಸೇರುತ್ತಾರೆ ಎಂಬುದನ್ನು ವಿವರಿಸದೆ ತಮ್ಮ ವಾದ ಪೂರ್ಣವಾಗುವುದಿಲ್ಲ.

ಜೋನ್ ಡಿಫೆನ್ಸ್ (ಮೈಸೂರು)

ಇಬ್ಬರೂ ಕೌಶಲ ಮತ್ತು ವಾತಾವರಣದ ನಡುವೆ ಸಿಕ್ಕಿಕೊಂಡಿದ್ದೀರಿ. ನೋಡುವವರಿಗೆ ಆಗುವ ಬೇಸರದ ಮೂಲ ಬಹುಮಟ್ಟಿಗೆ ನಿಯಮ ಪುಸ್ತಕದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಕಾಲೇಜು ಮಟ್ಟದಲ್ಲಿ ಆಡಿ, ಈಗ ಮಕ್ಕಳಿಗೆ ತರಬೇತಿ ಕೊಡುವವನಾದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಗಡಿಯಾರ. ವೃತ್ತಿಪರ ಆಟವೂ ಒಂದು ಕಾಲದಲ್ಲಿ ನಿದ್ದೆ ಬರಿಸುವಂತೆಯೇ ಇತ್ತು. 1950ರ ನವೆಂಬರ್‌ನಲ್ಲಿ ಫೋರ್ಟ್ ವೇಯ್ನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19–18ರಿಂದ ಸೋಲಿಸಿತು. ಮುನ್ನಡೆ ಸಿಕ್ಕವರು ಚೆಂಡನ್ನು ಹಿಡಿದುಕೊಂಡು ಕಾಲ ಕಳೆಯುವುದನ್ನು ತಡೆಯುವ ನಿಯಮವೇ ಇರಲಿಲ್ಲ. 1954ರಲ್ಲಿ ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಲೆಕ್ಕ ಹಾಕಿದರು: ನೋಡಲು ಚೆನ್ನಾಗಿರುವ ಪಂದ್ಯದಲ್ಲಿ ಎರಡೂ ತಂಡಗಳು ಸೇರಿ ಸುಮಾರು 120 ಸಲ ಬುಟ್ಟಿಗೆ ಎಸೆಯುತ್ತವೆ, 48 ನಿಮಿಷವೆಂದರೆ 2,880 ಸೆಕೆಂಡ್, ಭಾಗಿಸಿದರೆ 24. ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕೆಂಬ ನಿಯಮ ಹೀಗೆ ಬಂತು. ಆ ಒಂದೇ ಋತುವಿನಲ್ಲಿ ತಂಡವೊಂದರ ಸರಾಸರಿ ಅಂಕ ಸುಮಾರು 79ರಿಂದ 93ಕ್ಕೆ ಏರಿತು. ಆಟಗಾರರು ಅದೇ ಆಟಗಾರರು, ಬದಲಾದದ್ದು ನಿಯಮ.

ಪುರುಷರ ಕಾಲೇಜು ಆಟ ಈ ಪಾಠ ಕಲಿಯಲು ಮೂರು ದಶಕ ತೆಗೆದುಕೊಂಡಿತು. 1968ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ತಂಡ ಡ್ಯೂಕ್ ವಿರುದ್ಧ 12–10ರಿಂದ ಗೆದ್ದಿತ್ತು ಎಂದರೆ ಇಂದಿನವರು ನಂಬುವುದಿಲ್ಲ. 1982ರಲ್ಲಿ ಮೈಕಲ್ ಜೋರ್ಡನ್ ಮತ್ತು ಜೇಮ್ಸ್ ವರ್ದಿ ಇದ್ದ ನಾರ್ತ್ ಕೆರೊಲಿನಾ ತಂಡವೇ ವರ್ಜೀನಿಯಾ ವಿರುದ್ಧದ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜುಗಳ ಗುಂಪಿನ) ಫೈನಲ್‌ನಲ್ಲಿ ಚೆಂಡನ್ನು ಸುತ್ತಿಸುತ್ತಾ ಕಾಲ ಕಳೆದು 47–45ರಿಂದ ಗೆದ್ದಿತು. 45 ಸೆಕೆಂಡಿನ ಗಡಿಯಾರ ಬಂದದ್ದು 1985–86ರಲ್ಲಿ. 1993–94ರಲ್ಲಿ ಅದು 35ಕ್ಕೆ, 2015–16ರಲ್ಲಿ 30ಕ್ಕೆ ಇಳಿಯಿತು. ಎನ್‌ಬಿಎಯೊಂದಿಗೆ ಇಂದಿಗೂ 6 ಸೆಕೆಂಡಿನ ವ್ಯತ್ಯಾಸವಿದೆ. ಈ 6 ಸೆಕೆಂಡ್‌ಗಳಲ್ಲಿ ಬಹುತೇಕ ತಂಡಗಳು ಮಾಡುವುದು ಒಂದೇ ಕೆಲಸ: ಕೋಚ್ ಬದಿಯಿಂದ ಕೂಗಿ ಹೇಳುವ ಸೂಚನೆಗಾಗಿ ಕಾಯುವುದು.

ಎರಡನೆಯದು ಜಾಗ. ಅಂಕಣದ ಉದ್ದಗಲ ಎರಡೂ ಕಡೆ 94 ಅಡಿ, 50 ಅಡಿ. ಆದರೆ ಬುಟ್ಟಿಯ ಮುಂದಿನ ಲೇನ್ ಎನ್‌ಬಿಎಯಲ್ಲಿ 16 ಅಡಿ ಅಗಲ, ಕಾಲೇಜಿನಲ್ಲಿ 12 ಅಡಿ. ಅದಕ್ಕಿಂತ ಮುಖ್ಯವಾದದ್ದು 2001ರಿಂದ ಎನ್‌ಬಿಎಯಲ್ಲಿರುವ ರಕ್ಷಣಾ ಮೂರು ಸೆಕೆಂಡಿನ ನಿಯಮ. ಎದುರಾಳಿಯೊಬ್ಬನ ಮೇಲೆ ಹತ್ತಿರದಿಂದ ಕಣ್ಣಿಡದೆ ಸುಮ್ಮನೆ ಬುಟ್ಟಿಯ ಕೆಳಗೆ ಬೀಡು ಬಿಡಲು ರಕ್ಷಕನಿಗೆ ಅಲ್ಲಿ ಅವಕಾಶವಿಲ್ಲ. ಕಾಲೇಜಿನಲ್ಲಿ ಅಂಥ ತಡೆಯೇ ಇಲ್ಲದ್ದರಿಂದ ಎತ್ತರದ ಹುಡುಗನೊಬ್ಬ ಇಡೀ ಹೊತ್ತು ಅಲ್ಲೇ ನಿಂತಿರಬಹುದು. ಚೆಂಡು ಹಿಡಿದು ಒಳನುಗ್ಗುವ ಆಟಗಾರನಿಗೆ ದಾರಿ ಮುಚ್ಚಿರುತ್ತದೆ, ಹೊರಗಿನಿಂದ ಎಸೆಯುವವರ ಗುರಿ ವೃತ್ತಿಪರರಷ್ಟು ಖಚಿತವಲ್ಲ, ಆದ್ದರಿಂದ ಆಟ ಕಿಕ್ಕಿರಿದಂತೆ ಕಾಣುತ್ತದೆ. ಅದನ್ನು ನಾವು ಹುಡುಗರ ಅಸಾಮರ್ಥ್ಯವೆಂದು ಓದುತ್ತೇವೆ. ಅದೇ ಹುಡುಗ ಮರುವರ್ಷ ಎನ್‌ಬಿಎಗೆ ಹೋದಾಗ ಒಮ್ಮೆಲೇ ಹರಿತವಾದಂತೆ ತೋರುವುದಕ್ಕೆ ಅವನ ಬೆಳವಣಿಗೆ ಒಂದು ಕಾರಣವಾದರೆ, ಅವನಿಗೆ ಸಿಕ್ಕ ಬಯಲು ಇನ್ನೊಂದು ಕಾರಣ.

ಬೆಳಗಿನ ವೀಕ್ಷಕ (ಬೆಂಗಳೂರು)

ಸರ್, ವಿವರಣೆ ಉಪಯುಕ್ತವಾಗಿದೆ, ಆದರೆ ಅದು ನನ್ನ ಪಕ್ಷವನ್ನೇ ಬಲಪಡಿಸುತ್ತದೆ. ನೋಡುಗನಿಗೆ ಬೇಸರದ ಕಾರಣ ನಿಯಮವೋ ನೈಪುಣ್ಯವೋ ಎಂಬುದು ಮುಖ್ಯವಲ್ಲ, ಬೇಸರವಾಗುತ್ತದೆ ಎಂಬುದು ಮುಖ್ಯ. 2011ರ ಕಾಲೇಜು ಫೈನಲ್‌ನಲ್ಲಿ ಬಟ್ಲರ್ ತಂಡ 64 ಸಲ ಎಸೆದು 12 ಸಲ ಮಾತ್ರ ಬುಟ್ಟಿ ಹಾಕಿತು, ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) 53–41ರಿಂದ ಗೆದ್ದಿತು. ಗಡಿಯಾರವನ್ನು 24ಕ್ಕೆ ಇಳಿಸಿದ್ದರೆ ಆ 52 ವಿಫಲ ಎಸೆತಗಳು 60 ಆಗುತ್ತಿದ್ದವೇ ಹೊರತು ಸೊಗಸಾಗುತ್ತಿರಲಿಲ್ಲ.

ಹಾಗೆಯೇ ಸಂಖ್ಯೆಗಳನ್ನು ನೋಡಿ. ಕಾಲೇಜು ಆಟದ ಅಗ್ರ ವಿಭಾಗವಾದ ಡಿವಿಷನ್ ಒಂದರಲ್ಲಿ 350ಕ್ಕೂ ಹೆಚ್ಚು ತಂಡಗಳಿವೆ, ಎನ್‌ಬಿಎಯಲ್ಲಿ 30. ಇಡೀ ಜಗತ್ತಿನಿಂದ ಆಯ್ದ ಸುಮಾರು 450 ಮಂದಿಯ ಆಟಕ್ಕೂ, ಒಂದು ದೇಶದ ಕಾಲೇಜುಗಳಲ್ಲಿ ಹಂಚಿಹೋದ ಸಾವಿರಾರು ಹುಡುಗರ ಆಟಕ್ಕೂ ಅಂತರ ಇರದೆ ಇರಲು ಸಾಧ್ಯವೇ ಇಲ್ಲ.

ಕೈತಪ್ಪಿದ ಪಾಸ್ (ಹುಬ್ಬಳ್ಳಿ)

ಅಂತರ ಇದೆ ಎಂಬುದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಅಂತರವಿದ್ದರೆ ಆನಂದ ಕಡಿಮೆಯಾಗಲೇಬೇಕೆಂಬ ನಿಮ್ಮ ಹೆಜ್ಜೆಯನ್ನು ನಾನು ಒಪ್ಪುವುದಿಲ್ಲ.

ಎನ್‌ಬಿಎ ಇಂದು ನಿಖರವಾದಷ್ಟೂ ಏಕತಾನವಾಗಿದೆ. 2009–10ರ ಹೊತ್ತಿಗೆ ತಂಡವೊಂದು ಪಂದ್ಯಕ್ಕೆ ಸುಮಾರು 18 ಮೂರಂಕದ ಎಸೆತಗಳನ್ನು (ದೂರದ ಗೆರೆಯ ಆಚೆಯಿಂದ ಎಸೆಯುವುದು) ಪ್ರಯತ್ನಿಸುತ್ತಿತ್ತು. 2024–25ರಲ್ಲಿ ಅದು 37ನ್ನು ದಾಟಿದೆ. ಆ ಋತುವಿನಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡವಂತೂ ಪಂದ್ಯಕ್ಕೆ 48 ಸಲ, ಅಂದರೆ ಎರಡಂಕದ ಎಸೆತಗಳಿಗಿಂತಲೂ ಹೆಚ್ಚು ಬಾರಿ, ಗೆರೆಯ ಆಚೆಯಿಂದ ಎಸೆಯಿತು. ಲೆಕ್ಕಾಚಾರ ಒಂದೇ ಆದಾಗ 30 ತಂಡಗಳೂ ಒಂದೇ ಆಟ ಆಡುತ್ತವೆ. ಸಮವಸ್ತ್ರದ ಬಣ್ಣ ಮುಚ್ಚಿದರೆ ಯಾವ ತಂಡವೆಂದು ಹೇಳುವುದು ಕಷ್ಟ.

ಕಾಲೇಜಿನಲ್ಲಿ ಹಾಗಲ್ಲ. ಕೋಚ್ ಜಿಮ್ ಬೋಹೈಮ್ ದಶಕಗಳ ಕಾಲ ಸಿರಾಕ್ಯೂಸ್‌ನಲ್ಲಿ 2–3 ಜೋನ್ (ಮುಂದೆ ಇಬ್ಬರು, ಹಿಂದೆ ಮೂವರು ನಿಂತು ಜಾಗ ಕಾಯುವ ರಕ್ಷಣೆ) ಬಿಟ್ಟು ಕದಲಲಿಲ್ಲ. ನೋಲನ್ ರಿಚರ್ಡ್ಸನ್ ಅವರ ಅರ್ಕನ್ಸಾ ತಂಡ ಅಂಕಣದ ಉದ್ದಕ್ಕೂ ಬೆನ್ನಟ್ಟಿ 1994ರಲ್ಲಿ ಚಾಂಪಿಯನ್ ಆಯಿತು. ಟೋನಿ ಬೆನೆಟ್ ಅವರ ವರ್ಜೀನಿಯಾ ಆಟವನ್ನು ಆಮೆಯ ವೇಗಕ್ಕೆ ಇಳಿಸಿ 2019ರಲ್ಲಿ ಗೆದ್ದಿತು. ಡ್ಯಾನ್ ಹರ್ಲಿ ಅವರ ಯುಕಾನ್ 2023 ಮತ್ತು 2024ರ ಟೂರ್ನಿಗಳ ಹನ್ನೆರಡೂ ಪಂದ್ಯಗಳನ್ನು ಎರಡಂಕಿ ಅಂತರದಿಂದ ಗೆದ್ದಿತು. ಇಲಿನಾಯ್ ವಿರುದ್ಧ ಸತತ 30 ಅಂಕ ಗಳಿಸಿದ ಆ ತಂಡದಲ್ಲಿ ಚೆಂಡಿಲ್ಲದ ಆಟಗಾರರು, ಎದುರಾಳಿಗೆ ಅಡ್ಡ ನಿಂತ ಸಹ ಆಟಗಾರರ ಸುತ್ತ ಓಡಾಡುವ ವಿನ್ಯಾಸ ನೋಡಿದವರು ಕಾಲೇಜು ಆಟವನ್ನು ಕಚ್ಚಾ ಎಂದು ಕರೆಯಲು ಹಿಂಜರಿಯುತ್ತಾರೆ. ಇಂಥ ನಾಲ್ಕು ಭಿನ್ನ ದಾರಿಗಳಲ್ಲಿ ಗೆಲ್ಲಬಹುದಾದ ಆಟ ನನಗೆ ಹೆಚ್ಚು ಕುತೂಹಲ ಹುಟ್ಟಿಸುತ್ತದೆ.

ಎಡಗೈ ಲೇಅಪ್ (ನ್ಯೂಜೆರ್ಸಿ)

ಇಲ್ಲಿಯವರೆಗೆ ಬರೆದವರೆಲ್ಲರೂ ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂದರೆ ಹುಡುಗರ ಆಟವೆಂದೇ ಭಾವಿಸಿರುವಂತಿದೆ. ಮಹಿಳೆಯರ ಆಟವನ್ನು ಎದುರಿಗಿಟ್ಟರೆ ಈ ಚರ್ಚೆಯ ಅರ್ಧ ಊಹೆಗಳು ಬೀಳುತ್ತವೆ.

2024ರಲ್ಲಿ ಸೌತ್ ಕೆರೊಲಿನಾ ತಂಡ ಅಯೋವಾವನ್ನು 87–75ರಿಂದ ಸೋಲಿಸಿದ ಮಹಿಳಾ ಫೈನಲನ್ನು ಅಮೆರಿಕದಲ್ಲಿ ಸರಾಸರಿ 1.89 ಕೋಟಿ ಜನ ನೋಡಿದರು. ಮರುದಿನದ ಪುರುಷರ ಫೈನಲ್‌ಗೆ ಸಿಕ್ಕವರು ಸುಮಾರು 1.48 ಕೋಟಿ. ಅಯೋವಾ ತಂಡದಲ್ಲಿ ತಾರೆ ಕೇಟ್ಲಿನ್ ಕ್ಲಾರ್ಕ್ ಇದ್ದರು, ಆದ್ದರಿಂದ ಹಾಗಾಯಿತು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಕ್ಲಾರ್ಕ್ ಅಷ್ಟು ದೊಡ್ಡವರಾಗಲು ಸಮಯ ಸಿಕ್ಕಿದ್ದು ಹೇಗೆ? ಅಮೆರಿಕದ ಆಟಗಾರ್ತಿ ಡಬ್ಲ್ಯುಎನ್‌ಬಿಎ ಡ್ರಾಫ್ಟ್‌ಗೆ (ಮಹಿಳಾ ವೃತ್ತಿಪರ ಲೀಗ್‌ನ ತಂಡಗಳು ಹೊಸಬರನ್ನು ಆಯ್ದುಕೊಳ್ಳುವ ಪ್ರಕ್ರಿಯೆಗೆ) ಬರಬೇಕಾದರೆ ಆ ವರ್ಷ 22 ತುಂಬಬೇಕು ಅಥವಾ ಪದವಿ ಮುಗಿದಿರಬೇಕು. ಹಾಗಾಗಿ ಅವರು ಅಯೋವಾದಲ್ಲಿ ನಾಲ್ಕು ವರ್ಷ ಆಡಿ 3,951 ಅಂಕ ಗಳಿಸಿದರು. ನೋಡುಗರು ಅವರ ಜೊತೆಗೇ ಬೆಳೆದರು. ಪುರುಷರಲ್ಲಿ 2006ರ ಡ್ರಾಫ್ಟ್‌ನಿಂದ ಹೈಸ್ಕೂಲು ಮುಗಿದು ಒಂದು ವರ್ಷವಾದರೆ ಸಾಕು. ಪ್ರತಿಭಾವಂತ ಹುಡುಗ ನವೆಂಬರ್‌ನಲ್ಲಿ ಬಂದು ಏಪ್ರಿಲ್‌ನಲ್ಲಿ ಹೊರಟುಹೋಗುತ್ತಾನೆ, ಅವನ ಹೆಸರು ನಾಲಿಗೆಗೆ ರೂಢಿಯಾಗುವ ಹೊತ್ತಿಗೆ ಅವನಿರುವುದಿಲ್ಲ. ತದ್ವಿರುದ್ಧವಾಗಿ ಪರ್ಡ್ಯೂವಿನ ಜಾಕ್ ಈಡಿಯನ್ನು ನೋಡಿ. 2023ರಲ್ಲಿ, ಟೂರ್ನಿಯ ನಾಲ್ಕು ವಿಭಾಗಗಳಲ್ಲೊಂದರ ಕೊನೆಯ, ಅಂದರೆ 16ನೇ ಶ್ರೇಯಾಂಕದ ಫೇರ್ಲೀ ಡಿಕಿನ್ಸನ್ ವಿರುದ್ಧ ಸೋತು ನಗೆಪಾಟಲಿಗೆ ಈಡಾದ ತಂಡದಲ್ಲಿದ್ದ ಆ 7 ಅಡಿ 4 ಅಂಗುಲದ ಹುಡುಗ ಬಿಟ್ಟುಹೋಗದೆ ಮರುವರ್ಷ ತಂಡವನ್ನು ಫೈನಲ್‌ವರೆಗೆ ಒಯ್ದ. ಅದು ಸೋಲೇ ಆಗಿದ್ದರೂ ಅಂಥ ಕಥೆಗೆ ಎರಡು ವರ್ಷದ ಹರವು ಬೇಕು.

ಮಹಿಳಾ ಕಾಲೇಜು ಆಟ 2015–16ರಿಂದ 10 ನಿಮಿಷದ ನಾಲ್ಕು ಕ್ವಾರ್ಟರ್‌ಗಳಿಗೆ ಬದಲಾಗಿದೆ. ಪುರುಷರದ್ದು ಇನ್ನೂ 20 ನಿಮಿಷದ ಎರಡು ಅರ್ಧಗಳಲ್ಲೇ ನಿಂತಿದೆ. ನಮ್ಮವರಿಗೂ ಇಲ್ಲಿ ಒಂದು ಕೊಂಡಿಯಿದೆ ಎಂಬುದನ್ನು ಸೇರಿಸುತ್ತೇನೆ: ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಝೋನಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರು.

ಮೂರನೇ ಸಾಲು (ಡಲ್ಲಾಸ್)

ಎನ್‌ಬಿಎ ಪಂದ್ಯಗಳಿಗೆ ಟಿಕೆಟ್ ಕೊಂಡು ಹೋಗುವವನಾಗಿ ಒಂದು ಮಾತು. ಫೈನಲ್‌ಗಳನ್ನು ಹೋಲಿಸಿದರೆ ಬೆಳಗಿನ ವೀಕ್ಷಕರ ಮಾತು ನಿಜವಿರಬಹುದು. ಜನವರಿಯ ಒಂದು ಮಂಗಳವಾರವನ್ನು ಹೋಲಿಸಿ ನೋಡಿ. 82 ಪಂದ್ಯಗಳ ಋತುವಿನಲ್ಲಿ ತಾರೆಯೊಬ್ಬ ಆ ದಿನ ಆಡುತ್ತಾನೋ ವಿಶ್ರಾಂತಿ ಪಡೆಯುತ್ತಾನೋ ಎಂಬುದು ಸಂಜೆಯವರೆಗೂ ತಿಳಿಯುವುದಿಲ್ಲ. 2023ರ ಏಪ್ರಿಲ್‌ನಲ್ಲಿ ನಮ್ಮೂರಿನ ಮ್ಯಾವರಿಕ್ಸ್ ತಂಡ, ಪ್ಲೇಆಫ್ ಸೇರಲು ಕೊನೆಯ ಅವಕಾಶವಾದ ಪ್ಲೇ–ಇನ್‌ನ ಆಸೆ ಇನ್ನೂ ಇರುವಾಗಲೇ ಷಿಕಾಗೊ ವಿರುದ್ಧ ಪ್ರಮುಖ ಆಟಗಾರರನ್ನು ಕೂರಿಸಿತು, ಲೀಗ್ 7.5 ಲಕ್ಷ ಡಾಲರ್ ದಂಡ ಹಾಕಿತು. ಪ್ರಶಸ್ತಿ ಬೇಕಾದರೆ ಕನಿಷ್ಠ 65 ಪಂದ್ಯ ಆಡಬೇಕೆಂಬ ನಿಯಮವನ್ನು ಮುಂದಿನ ಋತುವಿನಿಂದ ತರಬೇಕಾಯಿತು ಎಂದರೆ ಕಾಯಿಲೆ ಎಷ್ಟು ಆಳವಾಗಿದೆ ಎಂದು ಊಹಿಸಿ. ಕಾಲೇಜು ತಂಡಕ್ಕೆ ಮಾರ್ಚ್‌ಗೆ ಮೊದಲು ಸಿಗುವುದು ಸುಮಾರು ಮೂವತ್ತು ಪಂದ್ಯ. ಅಲ್ಲಿ ಯಾರೂ ವಿಶ್ರಾಂತಿಗೆಂದು ಕೂರುವುದಿಲ್ಲ. ಆಟದ ಮಟ್ಟ ಕಡಿಮೆಯಿದ್ದರೂ ಆಡುವವರಿಗೆ ಆ ರಾತ್ರಿ ಮುಖ್ಯವಾಗಿರುತ್ತದೆ, ಅದು ಕಣ್ಣಿಗೆ ಕಾಣುತ್ತದೆ.

ಬೆಳಗಿನ ವೀಕ್ಷಕ (ಬೆಂಗಳೂರು)

ಜನವರಿಯ ಮಂಗಳವಾರದ ವಿಷಯದಲ್ಲಿ ನನ್ನ ತಕರಾರಿಲ್ಲ. ಎನ್‌ಬಿಎಯ ಸಾಧಾರಣ ಋತು ಉದ್ದವಾಯಿತೆಂದು ನಾನೂ ಹೇಳುತ್ತೇನೆ. ಆದರೆ ಕಾಲೇಜು ಆಟದ ಪರವಾಗಿ ಇಲ್ಲಿ ಹೇಳಿದ ಎರಡು ದೊಡ್ಡ ಗುಣಗಳು, ಅಂದರೆ ಆಟಗಾರ ಒಂದೇ ಕಡೆ ಬೆಳೆಯುವುದು ಮತ್ತು ಸಣ್ಣವರು ದೊಡ್ಡವರನ್ನು ಸೋಲಿಸುವುದು, ಈಗ ಎಷ್ಟು ಉಳಿದಿವೆ?

2018ರಲ್ಲಿ ಮೇರಿಲ್ಯಾಂಡ್‌ನ ಯುಎಂಬಿಸಿ ವಿಶ್ವವಿದ್ಯಾಲಯದ ತಂಡ ಅಗ್ರ ಶ್ರೇಯಾಂಕದ ವರ್ಜೀನಿಯಾವನ್ನು 74–54ರಿಂದ ಮಣಿಸಿದ್ದು, 2022ರಲ್ಲಿ ಜೆರ್ಸಿ ಸಿಟಿಯ ಪುಟ್ಟ ಸೇಂಟ್ ಪೀಟರ್ಸ್ ಕೆಂಟಕಿಯನ್ನು ಹೊರಗಟ್ಟಿ ಕೊನೆಯ ಎಂಟರವರೆಗೆ ಹೋದದ್ದು, 2023ರಲ್ಲಿ ಫ್ಲಾರಿಡಾ ಅಟ್ಲಾಂಟಿಕ್ ಕೊನೆಯ ನಾಲ್ಕಕ್ಕೆ ಬಂದದ್ದು ಎಲ್ಲವೂ ನೆನಪಿವೆ. ಆ ಸೇಂಟ್ ಪೀಟರ್ಸ್ ತಂಡಕ್ಕೆ ಮುಂದೇನಾಯಿತು? ಕೋಚ್ ಕೆಲವೇ ದಿನಗಳಲ್ಲಿ ಸೀಟನ್ ಹಾಲ್ ವಿಶ್ವವಿದ್ಯಾಲಯಕ್ಕೆ ಹೋದರು, ಪ್ರಮುಖ ಆಟಗಾರರು ಬೇರೆ ಬೇರೆ ಕಾಲೇಜುಗಳಿಗೆ ಚದುರಿದರು. 2021ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಹರೆಯ ಮೂಲಕ ಹಣ ಗಳಿಸಬಹುದು. 2024ರಿಂದ ಒಂದು ಋತುವೂ ಕಾಯದೆ ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಬಹುದು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ಎಲ್ಲ ಕ್ರೀಡೆಗಳಿಗೂ ಸೇರಿ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್‌ವರೆಗೆ (2025–26ರ ಮಿತಿ) ಆಟಗಾರರಿಗೆ ನೇರವಾಗಿ ಹಂಚಬಹುದು. ಹುಡುಗರಿಗೆ ಹಣ ಸಿಗುವುದು ನ್ಯಾಯವೇ, ಅದರ ಬಗ್ಗೆ ನನ್ನ ಎರಡನೇ ಮಾತಿಲ್ಲ. ಆದರೆ 2025ರಲ್ಲಿ ಕೊನೆಯ ಹದಿನಾರರಲ್ಲಿ ಉಳಿದ ತಂಡಗಳೆಲ್ಲವೂ ನಾಲ್ಕು ಶ್ರೀಮಂತ ಕಾನ್ಫರೆನ್ಸ್‌ಗಳವು, ಕೊನೆಯ ನಾಲ್ಕರಲ್ಲಿ ಉಳಿದವೆಲ್ಲ ಅಗ್ರ ಶ್ರೇಯಾಂಕದವು. ಸಣ್ಣ ಕಾಲೇಜು ಪತ್ತೆ ಹಚ್ಚಿ ಬೆಳೆಸಿದ ಹುಡುಗನನ್ನು ದೊಡ್ಡ ಕಾಲೇಜು ಮರುವರ್ಷ ಕೊಂಡುಕೊಳ್ಳುತ್ತದೆ. ಕೌಶಲವೂ ಎನ್‌ಬಿಎಯಷ್ಟಿಲ್ಲ, ಹಣದ ಆಟವೂ ಎನ್‌ಬಿಎಯಂತೆಯೇ ಆಯಿತು ಎಂದಾದರೆ ನಾನು ಎರಡನೇ ದರ್ಜೆಯ ಪ್ರತಿಯನ್ನು ಯಾಕೆ ನೋಡಲಿ?

ಲಾರೆನ್ಸ್ ನಿವಾಸಿ (ಕಾನ್ಸಾಸ್)

ಒಂದು ವರ್ಷದ ಟೂರ್ನಿಯಿಂದ ಯುಗಾಂತ್ಯ ಸಾರಬೇಡಿ. 2008ರಲ್ಲೂ ನಾಲ್ಕೂ ಅಗ್ರ ಶ್ರೇಯಾಂಕದ ತಂಡಗಳೇ ಉಳಿದಿದ್ದವು, ಆ ವರ್ಷ ನಾವೇ ಗೆದ್ದದ್ದು. ಅದೇ ವರ್ಷ ಡೇವಿಡ್‌ಸನ್ ಎಂಬ ಪುಟ್ಟ ಕಾಲೇಜಿನ ಸಣಕಲು ಹುಡುಗನೊಬ್ಬ ನಮ್ಮನ್ನು ಬಹುತೇಕ ಮನೆಗೆ ಕಳಿಸಿದ್ದ. ನಾವು 59–57ರಿಂದ ಹೇಗೋ ಪಾರಾದೆವು. ಅವನು ಮುಂದೆ ಎನ್‌ಬಿಎ ತಾರೆಯಾದ ಸ್ಟೀಫನ್ ಕರ್ರಿ. ಇಂದಿನ ನಿಯಮವಿದ್ದಿದ್ದರೆ ಅವನು ಮೂರನೇ ವರ್ಷಕ್ಕೆ ಡೇವಿಡ್‌ಸನ್‌ನಲ್ಲೇ ಉಳಿಯುತ್ತಿದ್ದನೇ ಎಂದು ನೀವು ಕೇಳಿದರೆ ಮಾತ್ರ ನನಗೆ ಧೈರ್ಯದಿಂದ ಉತ್ತರಿಸಲಾಗದು. ಇನ್ನೊಂದು ಮಗ್ಗುಲನ್ನೂ ಗಮನಿಸಿ: ಕಾಲೇಜಿನಲ್ಲೇ ಹಣ ಸಿಗುವುದರಿಂದ, ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ ಹೋಗಬಹುದಾದವರು ಈಗ ಉಳಿದುಕೊಳ್ಳುತ್ತಿದ್ದಾರೆ. ಊರು ಬದಲಾಗುತ್ತದೆ ನಿಜ, ಆದರೆ ಅಂಕಣದಲ್ಲಿ 22, 23 ವಯಸ್ಸಿನ ಪಳಗಿದ ಆಟಗಾರರು ಹೆಚ್ಚಾಗಿದ್ದಾರೆ, ಆಟ ಹಿಂದಿಗಿಂತ ಹದಗೊಂಡಿದೆ.

ಜೋನ್ ಡಿಫೆನ್ಸ್ (ಮೈಸೂರು)

ಹಣದ ಚರ್ಚೆಯಿಂದ ಮತ್ತೆ ಆಟಕ್ಕೆ ಬರೋಣ. ಕಾಲೇಜು ಪಂದ್ಯದಲ್ಲಿ ನನ್ನನ್ನು ಎಬ್ಬಿಸಿ ಕಾಫಿ ಮಾಡಲು ಕಳಿಸುವ ಭಾಗವೆಂದರೆ ಕೊನೆಯ ಮೂರು ನಿಮಿಷ. ಪುರುಷರ ಆಟದಲ್ಲಿ ಒಂದು ಅರ್ಧದಲ್ಲಿ ಎದುರಾಳಿಯ ಏಳನೇ ಫೌಲ್‌ನಿಂದ ಮೊದಲ ಫ್ರೀ ಥ್ರೋ (ಯಾರೂ ತಡೆಯದ ಎಸೆತ) ಬಿದ್ದರಷ್ಟೇ ಎರಡನೆಯದು, ಹತ್ತನೇ ಫೌಲ್‌ನಿಂದ ಎರಡೂ ಖಚಿತ. ಹಿಂದಿರುವ ತಂಡ ಬೇಕೆಂದೇ ಫೌಲ್ ಮಾಡುತ್ತದೆ, ಗಡಿಯಾರ ನಿಲ್ಲುತ್ತದೆ, ಕೋಚ್ ಟೈಮ್‌ಔಟ್ ಕೇಳುತ್ತಾರೆ, ತೀರ್ಪುಗಾರರು ಪರದೆಯ ಮುಂದೆ ನಿಂತು ಚೆಂಡು ಯಾರ ಬೆರಳಿಗೆ ತಾಗಿತೆಂದು ನೋಡುತ್ತಾರೆ. ಇದಕ್ಕೆ ಮುಂಚೆ ಪ್ರತಿ ಅರ್ಧದಲ್ಲೂ 16, 12, 8, 4 ನಿಮಿಷ ಉಳಿದಾಗ ಟಿವಿಗಾಗಿ ಕಡ್ಡಾಯ ವಿರಾಮಗಳು ಬಂದಿರುತ್ತವೆ. ಎನ್‌ಬಿಎಯಲ್ಲೂ ಈ ರೋಗವಿದೆ, ಆದರೆ ಅಲ್ಲಿ 2017ರಿಂದ ಕೊನೆಯ ಮೂರು ನಿಮಿಷಕ್ಕೆ ತಂಡವೊಂದಕ್ಕೆ ಎರಡೇ ಟೈಮ್‌ಔಟ್.

ನಿಕ್ ಇಲಮ್ ಎಂಬ ಪ್ರಾಧ್ಯಾಪಕರು ಸೂಚಿಸಿದ ಮದ್ದು 2020ರಲ್ಲಿ ಎನ್‌ಬಿಎಯ ಆಲ್–ಸ್ಟಾರ್ ಪಂದ್ಯಕ್ಕೆ ಬಂದಿತ್ತು. ಕೊನೆಯ ಹಂತದಲ್ಲಿ ಗಡಿಯಾರ ತೆಗೆದು ಗುರಿಯ ಅಂಕವನ್ನು ನಿಗದಿ ಮಾಡುವುದು, ಮೊದಲು ಮುಟ್ಟಿದವರು ಗೆದ್ದಂತೆ. ಸದಾ ಬೇಜವಾಬ್ದಾರಿಯಿಂದ ನಡೆಯುವ ಆ ಪ್ರದರ್ಶನ ಪಂದ್ಯದಲ್ಲೂ ಆ ವರ್ಷ ಆಟಗಾರರು ಕೊನೆಗೆ ಜಿದ್ದಿನಿಂದ ಆಡಿದರು. ಕಾಲೇಜು ಟೂರ್ನಿಗಿಂತ ಅದಕ್ಕೆ ತಕ್ಕ ಜಾಗ ಇನ್ನೊಂದಿಲ್ಲ. ಆದರೆ ಮೂರಂಕದ ಗೆರೆಯನ್ನು 19 ಅಡಿ 9 ಅಂಗುಲದಿಂದ 22 ಅಡಿ 1.75 ಅಂಗುಲಕ್ಕೆ ಸರಿಸಲು 1986ರಿಂದ 2019ರವರೆಗೆ ತೆಗೆದುಕೊಂಡ ಆಡಳಿತ ಅದನ್ನು ಬೇಗ ಒಪ್ಪೀತೆಂದು ನನಗನ್ನಿಸುವುದಿಲ್ಲ.

ಕೈತಪ್ಪಿದ ಪಾಸ್ (ಹುಬ್ಬಳ್ಳಿ)

ಸರ್, ಕೊನೆಯ ಮೂರು ನಿಮಿಷ ಎಳೆಯುವುದು ನಿಜ. ಆದರೆ 2016ರ ಫೈನಲ್ ಮುಗಿದದ್ದೂ ಅಲ್ಲೇ. ನಾರ್ತ್ ಕೆರೊಲಿನಾದ ಮಾರ್ಕಸ್ ಪೇಜ್ ಗಾಳಿಯಲ್ಲೇ ಒಂದು ಕ್ಷಣ ಕೈ ತಡೆದು ಎಸೆದ ಮೂರಂಕದಿಂದ 74–74 ಆಯಿತು, 4.7 ಸೆಕೆಂಡ್ ಉಳಿದಿತ್ತು, ವಿಲನೋವಾ ಟೈಮ್‌ಔಟ್ ಕೇಳಿತು, ರಯಾನ್ ಆರ್ಚಿಡಿಯಾಕೊನೊ ಚೆಂಡು ತಂದು ಹಿಂದೆ ಬರುತ್ತಿದ್ದ ಕ್ರಿಸ್ ಜೆಂಕಿನ್ಸ್‌ಗೆ ಕೊಟ್ಟರು, 77–74. ಅದು ಮಾಡಲಾಗದೆ ಹೋದ ಕೆಲಸವಲ್ಲ, ಬೆಳಗಿನ ವೀಕ್ಷಕರೇ. ಆ ಟೈಮ್‌ಔಟ್ ಇಲ್ಲದಿದ್ದರೆ ಆ ಆಟ ಕಟ್ಟಲೂ ಆಗುತ್ತಿರಲಿಲ್ಲ.

ಬೆಳಗಿನ ವೀಕ್ಷಕ (ಬೆಂಗಳೂರು)

ಆ ಪಂದ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಥದ್ದೊಂದಕ್ಕಾಗಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ಕಾಯಲು ನನ್ನಿಂದಾಗದು. ಮಾರ್ಚ್‌ನ ಮೂರು ವಾರ ಕಾಲೇಜು ಆಟ, ಉಳಿದಂತೆ ಏಪ್ರಿಲ್‌ನಿಂದ ಜೂನ್‌ವರೆಗೆ ಎನ್‌ಬಿಎ ಪ್ಲೇಆಫ್. ನನ್ನ ಪಟ್ಟಿ ಇಷ್ಟೇ. ಎಡಗೈ ಲೇಅಪ್ ಅವರ ಮಾತಿನಿಂದ ಅದಕ್ಕೆ ಮಹಿಳಾ ಟೂರ್ನಿಯನ್ನೂ ಸೇರಿಸುತ್ತಿದ್ದೇನೆ. ಅದರ ಪಂದ್ಯಗಳು ನಮ್ಮಲ್ಲಿ ಎಲ್ಲಿ ಪ್ರಸಾರವಾಗುತ್ತವೆ ಎಂದು ತಿಳಿದವರು ದಯವಿಟ್ಟು ಬರೆಯಿರಿ.